ಬಾಲ್ಕನಿಗೆ ಕಂಬಿ ಕಟ್ಟಿದ್ದು

ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಪಾಠ ಹೇಳಲು ಧಾರವಾಡದ ಕಡೆಯಿಂದ ಬಂದ ನಾನು ಕುಮಾರಸ್ವಾಮಿ ಲೇಔಟ್‌ನ ಒಂದು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿಗೆ ಅರವತ್ತು ದಾಟಿತ್ತು. ಒಂದು ಕಾಲಕ್ಕೆ ಅದೇ ನೆಲದಲ್ಲಿ ರಾಗಿ ಬೆಳೆದವರು, ಈಗ ಮಹಡಿ ಬೆಳೆಸುತ್ತಿದ್ದರು. ಎರಡನೆಯ ಮಹಡಿಗೆ ಬಾಲ್ಕನಿ ಬೇಕೇ ಬೇಕೆಂದು ಅವರ ಹಟ.

ಒಂದು ಭಾನುವಾರ ಬಟ್ಟೆ ಒಣಹಾಕಲು ಮೇಲೆ ಹೋದೆ. ಮೇಸ್ತ್ರಿ ಬಾಲ್ಕನಿಯ ಕಾಂಕ್ರೀಟಿಗೆಂದು ಕಬ್ಬಿಣದ ಕಂಬಿ ಕಟ್ಟಿ ಮುಗಿಸಿದ್ದರು. ಎಲ್ಲವೂ ತಳದಲ್ಲಿ, ಅಡಿಯ ಹಲಗೆಗೆ ಅಂಟಿಕೊಂಡಂತಿದ್ದವು.

"ಮೇಸ್ತ್ರಿ, ಇಲ್ಲಿ ಕಂಬಿ ಮ್ಯಾಲ ಬರಬೇಕ್ರಿ!"

"ಮೇಡಂ, ಎಷ್ಟೋ ವರ್ಷದಿಂದ ಸ್ಲ್ಯಾಬ್ ಹಾಕ್ತಿದೀನಿ. ಕಂಬಿ ಕೆಳಗೇನೇ ಇರೋದು."

ಕೋಣೆಯ ತಾರಸಿಗೆ ಅದು ಸರಿ. ಎರಡೂ ಕಡೆ ಗೋಡೆಯಿದ್ದರೆ ತಾರಸಿ ನಡುವೆ ಬಾಗಿ ಕೆಳಮೈಯಲ್ಲಿ ಬಿರಿಯಲು ನೋಡುತ್ತದೆ. ಬಾಲ್ಕನಿಗಾದರೋ ಒಂದೇ ಕಡೆ ಹಿಡಿತ. ಇದನ್ನು ಹೇಳಲು ಬಾಯಿ ತೆರೆದರೆ ತರಗತಿಯ ಭಾಷೆಯೇ ಬಂತು: "ನೆಗೆಟಿವ್ ಬೆಂಡಿಂಗ್..."

ಕೆಲಸ ನೋಡುತ್ತ ಅಲ್ಲೇ ನಿಂತಿದ್ದ ಮನೆಯೊಡತಿ ಕೈ ಅಡ್ಡ ಹಿಡಿದರು. "ನೆಗೆಟಿವ್ ಎಲ್ಲ ಬೇಡಮ್ಮ. ಒಳ್ಳೇ ದಿನ ನೋಡಿ ಕೆಲಸ ಶುರು ಮಾಡಿದೀವಿ."

ಅಷ್ಟರಲ್ಲಿ ಕೆಲಸದವರಿಗೆಂದು ತಟ್ಟೆ ಇಡ್ಲಿ ಬಂತು. ಒಂದನ್ನೆತ್ತಿ ಅಂಚಿನಲ್ಲಿ ಹಿಡಿದೆ. ಹೊರಗಿನ ಅರ್ಧ ಜೋತುಬಿತ್ತು, ನನ್ನ ಬೆರಳ ಪಕ್ಕದಲ್ಲೇ ಬಿರುಕು ಬಿಟ್ಟಿತು.

"ಎಲ್ಲಿ ಒಡೀತ್ರಿ?"

ಮೇಸ್ತ್ರಿ ಬಗ್ಗಿ ನೋಡಿದರು. "ಮೇಲ್ಗಡೆ," ಎಂದರು, ಮನಸ್ಸಿಲ್ಲದೆ.

"ಕಾಂಕ್ರೀಟನ್ನ ಒತ್ತಿದ್ರ ತಡೀತದ, ಎಳದ್ರ ಹರೀತದ. ಎಳೆಯೋ ಕಡೆ ಕಂಬಿ ಬೇಕ್ರಿ."

ಅವರು ಇಡ್ಲಿಯನ್ನೂ ನನ್ನನ್ನೂ ಒಮ್ಮೆ ನೋಡಿ, ಕಟ್ಟಿದ್ದನ್ನೆಲ್ಲ ಬಿಚ್ಚಿಸಿದರು. ಹೊಸದಾಗಿ ಮೇಲೆ ಕಟ್ಟಿ, ಹಿಡಿತಕ್ಕೆಂದು ಕಂಬಿಯ ಬಾಲವನ್ನು ಜೊತೆಗೇ ಹಾಕಲಿದ್ದ ಕೋಣೆಯ ಸ್ಲ್ಯಾಬಿನೊಳಕ್ಕೆ ಉದ್ದಕ್ಕೆ ಎಳೆದರು.

ಕಾಂಕ್ರೀಟ್ ಹಾಕುವ ದಿನ ರಜೆ ಹಾಕಿ, ಇನ್ಸ್‌ಪೆಕ್ಟರ್ ಗತ್ತಿನಲ್ಲಿ ಬಾಲ್ಕನಿಯ ಕಂಬಿಗಳ ಮೇಲೆ ಹೆಜ್ಜೆಯಿಟ್ಟೆ.

"ಅಯ್ಯೋ, ಇಳೀರಮ್ಮ!" ಮನೆಯೊಡತಿ ಕಿರುಚಿದರು. "ನೀವು ತುಳಿದ್ರೆ ಕಂಬಿ ಮತ್ತೆ ಕೆಳಕ್ಕೇ ಹೋಗುತ್ತಲ್ಲ!"

ನೋಡಿದರೆ ನನ್ನ ಕಾಲಡಿಯ ಎರಡು ಕಂಬಿ ಆಗಲೇ ತಗ್ಗಿದ್ದವು. ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕರು. ಅವನ್ನು ಮೇಲೆತ್ತಿ ಕಟ್ಟುವವರೆಗೆ ನಾನು ಮೂಲೆಯಲ್ಲಿ ನಿಂತಿದ್ದೆ.

ಕೆಲವು ವಾರಗಳ ನಂತರ ಅಡಿಯ ಆಸರೆ ಕಂಬಗಳನ್ನು ಹೊರತುದಿಯಿಂದ ಒಂದೊಂದಾಗಿ ತೆಗೆದರು. ಕೊನೆಯದು ಬಿದ್ದದ್ದೇ ತಡ, ಮನೆಯೊಡತಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ತುದಿಯಲ್ಲಿ ಕೂತರು. ಇಂಥ ಬಾಲ್ಕನಿಯ ಚಿತ್ರವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವ ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದೆ.

"ಯಾಕಮ್ಮ, ನಿಮ್ಮ ಪಾಠದ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ಐತ್ರಿ," ಎಂದೆ. ಉಸಿರು ಬಿಗಿಹಿಡಿದು ಚೌಕಟ್ಟನ್ನು ಬಿಟ್ಟೆ.