ಖಂಡೆಪೂಜೆಗೆ ಕೂತ ಗಣಿತ

ಆ ದಿನ ಬೆಳಿಗ್ಗೆ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಹಾಕಿ, ಹಾಲು ಒಲೆಯ ಮೇಲಿಟ್ಟೆ. ಕುಂದಗೋಳದ ನಮ್ಮ ಓಣಿಗೆ ಖಂಡೆಪೂಜೆಯ ಕಳೆ ಬಂದಿತ್ತು. ಬಾಜೂಮನೆಯ ಕಾಕಾ ಎಮ್ಮೆ ತಿಕ್ಕುವ ತೆಂಗಿನ ನಾರಿನಿಂದಲೇ ಟ್ರ್ಯಾಕ್ಟರು ತಿಕ್ಕುತ್ತಿದ್ದರು. ಒಳಗೆ ಅತ್ತೆ ದೇವರ ಜಗಲಿಯ ಮುಂದೆ ಮನೆಯ ಆಯುಧಗಳನ್ನು ಸಾಲಾಗಿ ಕೂಡಿಸುತ್ತಿದ್ದರು: ಕುಡಗೋಲು, ಈಳಿಗೆ, ನನ್ನ ಮಿಕ್ಸರು. ಮಿಕ್ಸರಿನ ಗುಂಡಿಯ ಸುತ್ತ ಅಂಟಿದ್ದ ಶೇಂಗಾ ಚಟ್ನಿಯನ್ನು ಉಗುರಿನಿಂದ ಕೆರೆದು ತೆಗೆದು, ಅದೇ ಜಾಗಕ್ಕೆ ಕುಂಕುಮ ಹಚ್ಚಿದರು. ನಾನು ಅಡುಗೆಮನೆಗೆ ಹೋಗಿ ಹೂರಣಕ್ಕೆ ಕಡಲೆಬೇಳೆ ಇಟ್ಟೆ.

ಬೇಳೆ ಕುದಿಯುವ ಹೊತ್ತಿಗೆ ನಮ್ಮವರು ಕೋಣೆಯಿಂದ ಹೊರಗೆ ಬಂದರು. ಟೇಬಲ್ಲಿನ ಮೇಲೆ, ಕೆಳಗೆ, ಆಮೇಲೆ ಏನೂ ಅರ್ಥವಿಲ್ಲದೆ ಫ್ರಿಜ್ಜಿನ ಮೇಲೂ ನೋಡಿದರು.

"ಅವ್ವಾ, ಇಲ್ಲಿದ್ದ ನನ್ನ ಪುಸ್ತಕ ಎಲ್ಲೈತಿ?"

"ಪೂಜಿಗೆ ಕುಂತೈತಿ" ಎಂದರು ಅತ್ತೆ. "ಪ್ರತಿ ವರ್ಷ ಒಂದು ಪೆನ್ನು ಇಟ್ಟು ಕೈ ಮುಗೀತಿದ್ದಿ. ಈ ಸಲ ನೀನ ಬರದದ್ದು ಬಂದೈತಲ್ಲ. ಹೊರಗ್ಯಾಕ ಇಡಬೇಕು?"

ನಮ್ಮವರು ಡಿಗ್ರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ಆ ಪುಸ್ತಕ, ಉನ್ನತ ಗಣಿತದಲ್ಲಿ ಈಗ ಯಾವ ಯಾವ ದಿಕ್ಕಿನಲ್ಲಿ ಸಂಶೋಧನೆ ನಡೆದಿದೆ ಎಂದು ಹೇಳುವ ಇಂಗ್ಲಿಷ್ ಗ್ರಂಥ. ಒಂದೊಂದು ಅಧ್ಯಾಯವನ್ನು ಒಬ್ಬೊಬ್ಬ ಪ್ರಾಧ್ಯಾಪಕರು ಬರೆದಿದ್ದಾರೆ. ನಡುವೆ ಎಲ್ಲೋ ನಮ್ಮವರದೂ ಒಂದು. ಅದು ಟಪಾಲಿನಲ್ಲಿ ಬಂದಾಗಿನಿಂದ ಅವರು ದಿನಾ ಅದನ್ನು ತೆರೆಯುತ್ತಿದ್ದರು. ತಮ್ಮ ಹೆಸರಿದ್ದ ಪುಟ ನೋಡಿ ಮುಚ್ಚುತ್ತಿದ್ದರು. ಮುಂದಿನ ಪುಟಕ್ಕೆ ಹೋದದ್ದನ್ನು ನಾನು ಕಂಡಿಲ್ಲ.

ಆದರೆ ಮತ್ತೊಮ್ಮೆ ಅಚ್ಚು ಹಾಕುತ್ತಾರೆಂದೂ, ತಪ್ಪುಗಳಿದ್ದರೆ ಆ ದಿನ ಸಂಜೆಯೊಳಗೆ ತಿಳಿಸಬೇಕೆಂದೂ ಸಂಪಾದಕರು ಬರೆದಿದ್ದರು. ರಜೆಯ ದಿನ ಮಾಡಿದರಾಯಿತೆಂದು ಇವರು ಬಿಟ್ಟಿದ್ದರು. ರಜೆ ಬಂದಿತ್ತು. ಪುಸ್ತಕದ ಮುಖದ ಮೇಲೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ಚೆಂಡುಹೂವು.

"ಇವತ್ತ ಬೇಕವ್ವ ಅದು. ಸಂಜಿಯೊಳಗ ತಪ್ಪು ನೋಡಿ ಕಳಸಬೇಕು."

"ನಾಳೆ ದಸರಾದ ಬನ್ನಿ ಮುಡದ ಮ್ಯಾಲ ತಗೊ. ಪೂಜಿಗೆ ಕುಂತದ್ದು ಎತ್ತೂ ಹಂಗಿಲ್ಲ, ಓದೂ ಹಂಗೂ ಇಲ್ಲ."

"ತಪ್ಪು ಹಂಗ ಉಳದರ ಜನಾ ನಗ್ತಾರ."

"ಎಷ್ಟು ಮಂದಿ ಓದ್ತಾರ ಇದನ್ನ?"

ನಮ್ಮವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಎರಡನೆಯ ಕೈ ಬೇಕಾಗಲಿಲ್ಲ.

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿಯ ಸಿಸ್ಟರುಗಳು ಪುಸ್ತಕದ ಮೂಲೆ ಮಡಿಸಿದರೆ ಇಡೀ ತರಗತಿಯ ಮುಂದೆ ನಿಲ್ಲಿಸುತ್ತಿದ್ದರು. ಪುಸ್ತಕಕ್ಕೆ ಹೂ ಏರಿಸುವವರನ್ನು ನಾನು ಕಂಡದ್ದು ಈ ಮನೆಗೆ ಬಂದ ಮೇಲೆ. ಎರಡೂ ಒಂದೇ ಭಯ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಅದಕ್ಕೇ ಅತ್ತೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಇವರು ಆ ಅಧ್ಯಾಯಕ್ಕಾಗಿ ಎಷ್ಟು ಬೇಸಿಗೆ ರಜೆಗಳನ್ನು ಆ ಕೋಣೆಯಲ್ಲಿ ಕಳೆದಿದ್ದರೆಂದು ಚಹಾ ಒಯ್ದು ಕೊಟ್ಟ ನನಗೆ ಗೊತ್ತಿತ್ತು. ಊಟಕ್ಕೆ ಕೂತಾಗ ಇವರು ಹೋಳಿಗೆಗೆ ತುಪ್ಪ ಹಾಕಿಕೊಳ್ಳಲಿಲ್ಲ. ಅದು ಅತ್ತೆಯ ಕಣ್ಣಿಗೂ ಬಿತ್ತು.

ತಾಟು ಎತ್ತುವಾಗ ಅತ್ತೆ ತಾವಾಗಿಯೇ ತೀರ್ಪು ಕೊಟ್ಟರು.

"ಮಠದಾಗ ಪುರಾಣ ಹಚ್ಚಿದಾಗ ಓದಾಂವ ಒಬ್ಬ, ಅರ್ಥ ಹೇಳಾಂವ ಒಬ್ಬ ಇರ್ತಾನಲ್ಲ, ಹಂಗ ಮಾಡ್ರಿ. ಅಕಿ ಮಡೀಲೆ ಕುಂತು ಹಾಳಿ ತಿರುವಲಿ. ನೀ ಹೊಸ್ತಿಲದಾಗ ಕುಂತು ಕೇಳು."

"ಓದಬಾರದು ಅಂದಿದ್ರಲ್ರಿ, ಅತ್ತಿ?" ಎಂದೆ.

"ನಿನಗ ಅದು ತಿಳಿತೈತೇನು?"

"ಒಂದಕ್ಷರಾನೂ ಇಲ್ರಿ."

"ಮತ್ತ? ತಿಳೀಲಾರದ್ದನ್ನ ಓದಿದರ ಓದಿದಂಗಲ್ಲ."

ಕೈಕಾಲು ತೊಳೆದು, ಮಡಿಸೀರೆ ಉಟ್ಟು ಕೂತೆ. ಚೆಂಡುಹೂವನ್ನು ಬಾಜುವಿನ ಕುಡಗೋಲಿನ ಮೇಲಿಟ್ಟು, ಪುಸ್ತಕವನ್ನು ಕೂತಲ್ಲಿಂದ ಅಲುಗಿಸದೆ ತೆರೆದೆ. ಇವರು ಹೊಸ್ತಿಲಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ತಮ್ಮ ಮೂಲಪ್ರತಿ ನೋಡುತ್ತ ಕೂತರು. ಇಂಗ್ಲಿಷ್ ಮಾತುಗಳನ್ನು ನಾನು ಸಿಸ್ಟರು ಕಲಿಸಿದ ಉಚ್ಚಾರದಲ್ಲಿ ಸಲೀಸಾಗಿ ಓದಿದೆ. ತೊಡಕು ಬಂದದ್ದು ಚಿಹ್ನೆಗಳಲ್ಲಿ.

"ಇಲ್ಲೊಂದು ಹಾವು ನಿಂತೈತ್ರಿ."

"ಇರಲಿ. ಮುಂದ."

"ಹಾವಿನ ತಲಿ ಮ್ಯಾಲ ಮಲಗಿದ್ದ ಎಂಟು."

"ಬರೋಬ್ಬರಿ ಐತಿ. ಮುಂದ."

"ಆಮ್ಯಾಲ ಬಾಯಿ ತಗದ ಕಾಗಿ ಕೊಕ್ಕು."

"ಕೊಕ್ಕಿನ ಕೆಳಗ ಗೆರಿ ಐತೇನು?"

"ಐತ್ರಿ."

ಹೀಗೇ ಹಾವು, ಕೊಕ್ಕು, ತಲೆಕೆಳಗಾದ ಕುರ್ಚಿ ಎಂದು ಪುಟಗಳು ಸಾಗಿದವು. ಅತ್ತೆ ಗೋಡೆಗೆ ಒರಗಿ ಕೂತು, ಕಥೆ ಕೇಳುವವರಂತೆ ನಡುನಡುವೆ ಹೂಂಗುಟ್ಟುತ್ತಿದ್ದರು. ಪುಟದ ನಡುವೆ ದಪ್ಪಕ್ಷರದಲ್ಲಿ ಬೇರೆಯಾಗಿ ಅಚ್ಚಾಗಿದ್ದ ಸಾಲಿಗೆ ಬಂದಾಗ ಇವರು ಕುತ್ತಿಗೆ ಮುಂದೆ ಚಾಚಿದರು. ಅದು ಅವರ ಮುಖ್ಯ ಪ್ರಮೇಯ. ಉಳಿದದ್ದೆಲ್ಲ ಅದಕ್ಕಾಗಿಯೇ ಇತ್ತಂತೆ.

"ಕೊಕ್ಕು ಐತ್ರಿ" ಎಂದೆ. "ಗೆರಿ ಇಲ್ಲ."

"ಸರಿ ನೋಡು."

ದೀಪದ ಸಮೆಯನ್ನು ಹತ್ತಿರ ಎಳೆದುಕೊಂಡು ನೋಡಿದೆ. ಇಲ್ಲ.

ಇವರು ಹಣೆಗೆ ಕೈ ಹಚ್ಚಿಕೊಂಡರು. ಗೆರೆ ಇದ್ದರೆ 'ಚಿಕ್ಕದು ಅಥವಾ ಸಮ', ಗೆರೆ ಇಲ್ಲದಿದ್ದರೆ 'ಚಿಕ್ಕದು' ಅಷ್ಟೇ. ಹಾಗಾದರೆ ತಾವು ಸಾಧಿಸಿದ್ದು ಪೂರ್ತಿ ಸುಳ್ಳಾಗುತ್ತದೆ ಎಂದು ವಿವರಿಸಿದರು.

"ಒಂದು ಗೆರಿಗೆ ಇಷ್ಟ್ಯಾಕ ಬಡಕೋತಿ, ತಮ್ಮಾ?" ಎಂದರು ಅತ್ತೆ. "ನಾ ಮ್ಯಾಲ ಮೂರು ಎಳದೀನಿ. ಬೇಕಾದರ ಒಂದು ತಗೊ."

ಬೆಳಿಗ್ಗೆಯಿಂದ ಮೊದಲ ಸಲ ಇವರು ನಕ್ಕರು. ಅಲ್ಲೇ ಕೂತು ತಿದ್ದುಪಡಿ ಬರೆದು ಕಳಿಸಿದರು. ಹೊರಗೆ ಇನ್ನೂ ಬೆಳಕಿತ್ತು. ಸ್ವಲ್ಪ ಹೊತ್ತಿಗೆ, ಸಿಕ್ಕಿತು ಎಂದು ಸಂಪಾದಕರ ಒಂದು ಸಾಲಿನ ಉತ್ತರವೂ ಬಂತು. ಇವರು ಒಳಗೆ ಹೋಗಿ, ತಣ್ಣಗಾಗಿದ್ದ ಹೋಳಿಗೆಗೆ ತುಪ್ಪ ಸುರಿದುಕೊಂಡು ನಿಂತೇ ತಿಂದರು.

ನಾನು ಕುತೂಹಲಕ್ಕೆ ಪುಸ್ತಕದ ಕೊನೆಯ ಅಧ್ಯಾಯ ತೆರೆದು ನೋಡುತ್ತಿದ್ದಾಗಲೇ ಬಾಜೂಮನೆಯ ಕಾಕಾ ಟ್ರ್ಯಾಕ್ಟರಿಗೆ ಒಡೆದ ಕಾಯಿಯ ಹೋಳು, ಸಕ್ಕರೆ ಹಿಡಿದುಕೊಂಡು ಬಂದರು. ಜಗಲಿಗೆ ಕೈ ಮುಗಿದು, ಬಗ್ಗಿ ಪುಸ್ತಕ ನೋಡಿದರು.

"ಎಲ್ಲಾ ಲೆಕ್ಕನ ಏನ್ರಿ, ಸರ್?"

"ಹೌದ್ರಿ, ಕಾಕಾ" ಎಂದರು ಇವರು, ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದು.

"ಹಿಂದ ಉತ್ತರ ಕೊಟ್ಟಾರಿಲ್ರಿ? ನಮ್ಮ ಸಾಲಿ ಪುಸ್ತಕದಾಗ ಕೊಟ್ಟಿರತಿದ್ದರು."

"ಇಲ್ರಿ. ಹಿಂದ ಬರೇ ಪ್ರಶ್ನಿ ಅದಾವು. ಜಗತ್ತಿನ್ಯಾಗ ಯಾರಿಗೂ ಇನ್ನೂ ಉತ್ತರ ಸಿಕ್ಕಿಲ್ಲ ಅವಕ್ಕ."

ಕಾಕಾ ಪುಸ್ತಕವನ್ನೊಮ್ಮೆ, ಅದರ ಬಾಜುವಿನ ಮಿಕ್ಸರನ್ನೊಮ್ಮೆ ನೋಡಿ, ಬಾಗಿಲಿಗೆ ಹೋಗಿ ಚಪ್ಪಲಿಯಲ್ಲಿ ಕಾಲು ತೂರಿಸುತ್ತ ಹೇಳಿದರು:

"ಹಂಗಾರ ಪೂಜಿಗೆ ಇಟ್ಟದ್ದ ಛಲೋ ಆತು ಬಿಡ್ರಿ."