ನ್ಯಾಮತಿಯ ಕಂಬ

ಮೊನ್ನೆ ಪೆನ್ ಡ್ರೈವ್ ಹುಡುಕುತ್ತ ಹಳೇ ಬ್ಯಾಗನ್ನು ಬೋರಲು ಹಾಕಿದಾಗ ಒಂದು ಇಯರ್‌ಫೋನ್ ಬಿತ್ತು. ವೈರಿಗೆ ಎರಡು ಕಡೆ ಹಳದಿ ಟೇಪು. ಮೂಗಿನ ಹತ್ತಿರ ಹಿಡಿದೆ. ಲವಂಗ... ಇಷ್ಟು ವರ್ಷವಾದ ಮೇಲೆ ವಾಸನೆ ಉಳಿದಿರುವುದು ಸಾಧ್ಯವಿಲ್ಲ. ಇಲ್ಲದ ವಾಸನೆ ಬರುವುದು ಯಾವ ಕಾಯಿಲೆಯ ಲಕ್ಷಣವೋ ಅಂತ ಹತ್ತು ನಿಮಿಷ ಹೆದರಿ ಕೂತೆ. ಆಮೇಲೆ ಹೊಳೆಯಿತು. ಅದು ಜಗಳೂರಿನ ಮೇಷ್ಟ್ರದು, ಅವರ ಬಾಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು.

ಅವರು ಜಗಳೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ನಾನು ಚನ್ನಗಿರಿಯಲ್ಲಿ ಗಣಿತದ ಮೇಷ್ಟ್ರು. ಸುತ್ತಲ ತಾಲ್ಲೂಕುಗಳ ಶಿಕ್ಷಕರ ಸಭೆಗೆ ಸ್ಲೈಡ್ ಮಾಡಿಕೊಡುವ ಕೆಲಸ ಹೇಗೋ ನನ್ನ ಕೊರಳಿಗೆ ಬಿದ್ದಿತ್ತು. ಒಂದೇ ಫೈಲನ್ನು ಮೂರು ಪೆನ್ ಡ್ರೈವಿಗೆ ಹಾಕಿ, ನನಗೆ ನಾನೇ ಮೇಲ್ ಮಾಡಿಕೊಂಡು, ಅದು ಸಾಲದೆಂದು ಪ್ರಿಂಟೂ ತೆಗೆದು ಹೊತ್ತೊಯ್ಯುವ ಜಾತಿ ನನ್ನದು.

ಆ ಸಲದ ವಿಷಯ, ಮಕ್ಕಳು ಬಾಟಲಿ ಕತ್ತರಿಸಿ ಮಾಡಿದ ಮಾಪಕದಲ್ಲಿ ಅಳೆದ ಮಳೆ. ಅದನ್ನು ನಾನೇ ಮಂಡಿಸುತ್ತೇನೆ ಅಂದರು ಜಗಳೂರಿನ ಮೇಷ್ಟ್ರು. ಸಭೆ ನಡೆಸುವವರಿಗೆ ಇರುಸುಮುರುಸು. ಚಾರ್ಟ್ ತೋರಿಸಬೇಕಲ್ಲ, ಅವರ ಕೈಲಿ ಹೆಂಗಾಗುತ್ತೆ, ಯಾವಾಗಿನಂತೆ ಪ್ರಾರ್ಥನೆ ಹಾಡಲಿ ಬಿಡಿ ಅಂದರು. ಕಣ್ಣಿಲ್ಲದವರಿಗೆಲ್ಲ ಕಂಠ ಇರುತ್ತದೆ ಅನ್ನುವುದು ನಮ್ಮವರ ನಂಬಿಕೆ. ಮೇಷ್ಟ್ರ ಕಂಠವೋ, ಅವರೇ ಹೇಳುತ್ತಿದ್ದಂತೆ, ಕರು ಕಾಣದ ಎಮ್ಮೆಯದು. ಆದರೂ ಸಭೆ ಸಭೆಗೂ ಹಾಡಿಸಿದ್ದರು, ಒಂದರಲ್ಲೂ ಪಾಠ ಮಾಡಿಸಿರಲಿಲ್ಲ. ಕಷ್ಟಪಟ್ಟು ಅವರನ್ನು ಒಪ್ಪಿಸಿದ ಮೇಲೆ ಮೇಷ್ಟ್ರು ನನಗೊಂದು ಮಾತು ಅಂದರು:

"ಈ ಸಲ ಕೆಟ್ಟಿತು ಅಂದ್ರೆ ರಿಟೈರ್ ಆಗೋ ತನಕ ಹಾಡೋದೇ ನನ್ನ ಗತಿ, ನೋಡ್ರಿ."

ನನಗೆ ಮೂರು ದಿನ ಎದೆಯುರಿ.

ಸಭೆಗೆ ವಾರ ಮುಂಚೆ ಬಸ್ಸು ಹತ್ತಿ ನಮ್ಮ ಶಾಲೆಗೇ ಬಂದರು. ನನ್ನ ಲ್ಯಾಪ್‌ಟಾಪಿಗೆ ಇಯರ್‌ಫೋನ್ ಚುಚ್ಚಿ, ಒಂದು ತುದಿ ತಮ್ಮ ಕಿವಿಗೆ, ಒಂದು ನನ್ನ ಕಿವಿಗೆ ಸಿಕ್ಕಿಸಿದರು. ಪರದೆ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಗಡಗಡ ಓದುತ್ತ ಬಂದು, ತಾಲ್ಲೂಕಿಗೊಂದು ಕಂಬದಂತೆ ನಾನು ಎರಡು ಸಂಜೆ ಕೂತು ಮಾಡಿದ ಚಾರ್ಟಿನ ಮುಂದೆ ನಿಂತು "ಚಿತ್ರ" ಅಂದು ಸುಮ್ಮನಾಯಿತು. ಅಷ್ಟೇ. ಇಡೀ ಮಳೆಗಾಲ ಒಂದೇ ಮಾತಿಗೆ ಮುಗೀತಲ್ರೀ ಅಂತ ಮೇಷ್ಟ್ರು ನಕ್ಕರು. ಚಿತ್ರದ ಬೆನ್ನಿಗೆ ವಿವರಣೆ ಬರೆದು ಅಂಟಿಸಬಹುದು, ಸ್ಕ್ರೀನ್ ರೀಡರ್ ಅದನ್ನು ಓದುತ್ತದೆ ಅಂತ ಅವತ್ತೇ ನಾನು ಕಲಿತದ್ದು. ಹುರುಪಿನಲ್ಲಿ ಬರೆದೆ: ಕೆಂಪು ಕಂಬ, ನೀಲಿ ಕಂಬ, ಹಸಿರು ಕಂಬ. ಅವರ ಬಾಯಿಂದ ಲವಂಗ ಹಾರಿತು.

"ಸೂಳೆಕೆರೆ ಹೆಂಗೈತೆ ಅಂತ ಕೇಳಿದ್ರೆ ನೀರು ನೀಲಿ ಐತೆ ಅಂತೀರಾ? ಎಷ್ಟು ಮೆಟ್ಟಿಲು ಮುಳುಗ್ಯಾವೆ ಅಂತ ಹೇಳ್ರಿ."

ಮತ್ತೆ ಬರೆದೆ. ಮೊದಲು ಸಾರ, ಆಮೇಲೆ ಯಾವುದು ಎತ್ತರ, ಯಾವುದು ಗಿಡ್ಡ. ಅದೇ ಅಂಕಿಗಳ ಕೋಷ್ಟಕವೂ ಮುಂದಿನ ಸ್ಲೈಡಿನಲ್ಲಿ ಬೇಕು ಅಂದರು. ಒಂದೇ ಅಡುಗೆ ಎರಡು ಸಲ ಬಡಿಸಬೇಕಾ ಅಂತ ಗೊಣಗಿಕೊಂಡೇ ಹಾಕಿದೆ. ಈಗ ಸ್ಕ್ರೀನ್ ರೀಡರ್ ಓದಿತು. ಕೇಳುತ್ತ ಕೇಳುತ್ತ ಮೇಷ್ಟ್ರ ಅಂಗೈ ಗಾಳಿಯಲ್ಲಿ ಏರಿತು, ಸ್ವಲ್ಪ ಇಳಿಯಿತು, ಕೊನೆಗೆ ಮೇಜಿನ ಹತ್ತಿರಕ್ಕೆ ಬಂದು ನಿಂತಿತು. ನಮ್ಮ ಜಗಳೂರು ಇಷ್ಟು ಗಿಡ್ಡನಾ ಅಂದರು. ನನ್ನ ಚಾರ್ಟ್ ನೋಡಿ ಆಕಳಿಸಿದವರನ್ನು ಕಂಡಿದ್ದೆ. ನಿಜಕ್ಕೂ ನೋಡಿದವರನ್ನು ಕಂಡದ್ದು ಅದೇ ಮೊದಲು!

ಆದರೆ ಅದರಲ್ಲಿದ್ದದ್ದು ಮೂರೇ ಕಂಬ. ನ್ಯಾಮತಿ ಬೇರೆ ತಾಲ್ಲೂಕಾಗಿದ್ದರೂ ಹಳೇ ರೂಢಿಯಲ್ಲಿ ಅದನ್ನು ಹೊನ್ನಾಳಿಯೊಳಗೇ ಸೇರಿಸಿಬಿಟ್ಟಿದ್ದೆ. ಮೇಷ್ಟ್ರಿಗೂ ಹೊಳೆದಿರಲಿಲ್ಲ. ಸಭೆಯ ಬೆಳಿಗ್ಗೆ ನನ್ನ ಪ್ರಿಂಟು ನೋಡಿದ ನ್ಯಾಮತಿಯ ಟೀಚರೊಬ್ಬರು ಮುಖ ಸಣ್ಣ ಮಾಡಿದರು. ಗಾಬರಿಯಲ್ಲಿ ನಾಲ್ಕನೇ ಕಂಬ ಎಬ್ಬಿಸಿದೆ, ಕೋಷ್ಟಕ ತಿದ್ದಿದೆ, ಮೂರೂ ಪೆನ್ ಡ್ರೈವಿಗೆ ಹಾಕಿದೆ. ಬೆನ್ನಿನ ವಿವರಣೆ ಮಾತ್ರ ಮರೆತೆ.

ಮೇಷ್ಟ್ರು ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತ, ಹೇಳುತ್ತ ಹೋದರು. ಸಭೆ ತಲೆದೂಗುತ್ತಿತ್ತು. ಇಲ್ಲಿ ಮೂರು ಕಂಬ ಅದಾವೆ ಅಂದರು ನೋಡಿ... ಪರದೆ ಮೇಲೆ ನಾಲ್ಕು ನಿಂತಿದ್ದವು. ಹಿಂದಿನ ಸಾಲಿಂದ ಅದೇ ಟೀಚರ ದನಿ: "ಸಾರ್, ನಮ್ಮನ್ನ ಮತ್ತೆ ಹೊನ್ನಾಳಿಗೆ ಸೇರಿಸಿದ್ರಾ?" ಎಲ್ಲರೂ ಗೊಳ್ಳೆಂದರು. ಹೇಳಿದೆವಲ್ಲ ಅನ್ನುವಂತೆ ಸಭೆ ನಡೆಸುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಕುರ್ಚಿ ಕೆಳಗೆ ನುಸುಳೋಣ ಅನ್ನಿಸಿತು. ಹೊಟ್ಟೆ ಅಡ್ಡ ಬಂತು.

ಮೇಷ್ಟ್ರ ಬೆರಳು ಕೀ ಒತ್ತಿತು. ಮುಂದಿನ ಸ್ಲೈಡ್, ಕೋಷ್ಟಕ. ಒಂದೊಂದೇ ಮನೆಯ ಅಂಕಿ ಕೇಳಿಸಿಕೊಂಡು ತಲೆ ಎತ್ತಿದರು.

"ನ್ಯಾಮತಿಯವರು ಕೂತ್ಕಳ್ರಿ. ಕೋಷ್ಟಕದಾಗೆ ನೀವು ಗಟ್ಟಿಯಾಗಿ ಅದೀರಿ. ಚಿತ್ರದ ಬೆನ್ನಿಗೆ ಬರೆದ ನಮ್ಮ ಚನ್ನಗಿರಿ ಸಾಹೇಬ್ರ ಬಸ್ಸು ಇನ್ನೂ ಹೊನ್ನಾಳಿ ದಾಟಿಲ್ಲ."

ಈ ಸಲದ ನಗು ಬೇರೆ. ಅದರ ಜೊತೆಗೇ ನಾಲ್ಕೂ ಊರನ್ನು ಅಂಗೈಯಲ್ಲಿ ಎತ್ತರ ಹಿಡಿದು ತೋರಿಸಿದರು. ಪರದೆ ಬಿಟ್ಟು ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಮುಂದಿನ ಸಭೆಯ ಪಟ್ಟಿಯಲ್ಲಿ ಪ್ರಾರ್ಥನೆಗೆ ಬೇರೆ ಹೆಸರಿತ್ತು, ಪಾಠಕ್ಕೆ ಅವರದು. ಆ ಮೊದಲ ಪಾಠದ ಸಂಜೆ ಬಸ್ಸಿನ ಅವಸರದಲ್ಲಿ ಇಯರ್‌ಫೋನ್ ನನ್ನ ಬ್ಯಾಗಿಗೆ ತುರುಕಿದರು. ನಿಮ್ಮ ಹತ್ರನೇ ಇರಲಿ, ನನಗಿಂತ ನಿಮಗೆ ಬೇಕಾಗುತ್ತೆ ಅಂದರು.

ಆಮೇಲೆ ಎಷ್ಟೋ ಸಭೆ ಮಾಡಿದೆವು. ಅವರು ರಿಟೈರಾದರು. ಫೋನು ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆಯಾಯಿತು, ಆಮೇಲೆ... ಅವರು ತೀರಿಹೋದ ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನ ತಡವಾಗಿ.

ಮೊನ್ನೆ ಆ ಇಯರ್‌ಫೋನ್ ಚುಚ್ಚಿ ಮುಂದಿನ ಸಭೆಯ ಸ್ಲೈಡುಗಳನ್ನು ಕಣ್ಣು ಮುಚ್ಚಿ ಕೇಳಿದೆ. ನಾಲ್ಕು ತಾಲ್ಲೂಕು, ನಾಲ್ಕು ಕಂಬ, ಎಲ್ಲ ಸರಿಯಾಗಿ ಬಂದವು. ಖುಷಿಗೆ ಎರಡನೇ ಸಲವೂ ಕೇಳಿದೆ. ಇನ್ನೊಂದು ತುದಿ ಮೇಜಿನ ಮೇಲೆ ಬಿದ್ದಿತ್ತು. ಒಂದೂ ತಪ್ಪಿರಲಿಲ್ಲ. ಇದ್ದಿದ್ದರೂ ನಗುವವರಿರಲಿಲ್ಲ...