ಹಜಾರದ ಕೆಳಗಿನ ಕೊಳವೆ

ನನ್ನ ಕೆಲಸವೇನೆಂದು ಕೇಳಿದವರಿಗೆ ‘ಇಂಜಿನಿಯರ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಹೆಚ್ಚಿನವರಿಗೆ ಅಷ್ಟು ಸಾಕು. ಇನ್ನೂ ಕೇಳಿದರೆ, ಪೈಪುಗಳ ಒಳಗೆ ಹೋಗಿ ನೋಡಿಕೊಂಡು ಬರುವ ಒಂದು ಪುಟ್ಟ ಗಾಡಿಯನ್ನು ಪರೀಕ್ಷಿಸುತ್ತೇನೆ ಎನ್ನುತ್ತೇನೆ. ಅವರು ಮೊದಲು ನಗುತ್ತಾರೆ, ಆಮೇಲೆ ತಮ್ಮ ಮನೆಯ ಬಚ್ಚಲು ಕಟ್ಟಿಕೊಂಡ ಕಥೆ ಶುರುಮಾಡುತ್ತಾರೆ.

ಗಾಡಿ ಅಂಗೈ ಅಗಲ, ಮೊಣಕೈ ಉದ್ದ. ಎರಡೂ ಬದಿಗೆ ಚಕ್ರಗಳು, ಮುಂದೆ ಒಂದು ಕ್ಯಾಮೆರಾ, ಅದರ ಸುತ್ತ ಬಳೆಯಂತೆ ಜೋಡಿಸಿದ ದೀಪಗಳು, ಹಿಂದೆ ಉದ್ದನೆಯ ಹಳದಿ ಕೇಬಲ್. ಕರೆಂಟು ಹೋಗುವುದು ಆ ಕೇಬಲ್ಲಿನಲ್ಲೇ, ಚಿತ್ರ ಬರುವುದೂ ಅದರಲ್ಲೇ. ಗಾಡಿ ಒಳಗೆ ಸಿಕ್ಕಿಕೊಂಡರೆ ಹಿಡಿದು ಎಳೆಯುವುದಕ್ಕೂ ಅದೇ ಹಗ್ಗ. ಎಷ್ಟು ಕೇಬಲ್ ಒಳಗೆ ಹೋಗಿದೆ ಎಂಬುದು ಪರದೆಯ ಮೂಲೆಯಲ್ಲಿ ಕಾಣುತ್ತಿರುತ್ತದೆ. ನೆಲದಡಿಯಲ್ಲಿ ಗಾಡಿ ಎಲ್ಲಿದೆ ಎಂದು ನಮಗೆ ಗೊತ್ತಾಗುವುದು ಅದರಿಂದ.

ಪೈಪಿನ ಒಳಗು ನನಗೆ ಇನ್ನೂ ಬೇಸರ ತಂದಿಲ್ಲ. ಪರದೆಯ ಮೇಲೆ ಮೊದಲಿಗೆ ಎಲ್ಲವೂ ಒಂದೇ: ಸುತ್ತ ಬೆಳಕು, ನಡುವೆ ಕಪ್ಪು. ಆದರೆ ಯಾರೂ ನೋಡಲೆಂದು ಮಾಡಿದ ಜಾಗ ಅದಲ್ಲ. ಆದ್ದರಿಂದಲೇ ಇರಬೇಕು, ಅಲ್ಲಿ ಎಲ್ಲವೂ ಇದ್ದ ಹಾಗೇ ಇರುತ್ತದೆ. ಪೈಪು ಜೋಡಿಸಿದವನು ಒರೆಸದೆ ಬಿಟ್ಟ ಸಿಮೆಂಟಿನಲ್ಲಿ ಅವನ ಬೆರಳಿನ ಗುರುತನ್ನು ಎಷ್ಟೋ ಸಲ ಕಂಡಿದ್ದೇನೆ.

ಕಳೆದ ಬೇಸಿಗೆಯಲ್ಲಿ ಈ ಗಾಡಿ ನಮ್ಮ ದೊಡ್ಡಮ್ಮನ ಮನೆಗೆ ಹೋಗಬೇಕಾಯಿತು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಅವರ ಮನೆ ಲಕ್ಷ್ಮೀಪುರಂನಲ್ಲಿದೆ. ಇಂಜಿನಿಯರಿಂಗ್ ಓದುವಾಗ ಇಲವಾಲದ ನಮ್ಮ ಮನೆ ಬಿಟ್ಟು ನಾನು ಅಲ್ಲೇ ಇದ್ದೆ. ಹಬ್ಬಕ್ಕೆ ಮಾತ್ರ ನಮ್ಮ ಮನೆಗೆ ಹೋಗುತ್ತಿದ್ದೆ. ಆ ಮನೆಯಲ್ಲಿ ಎಲ್ಲರಿಗೂ ಪ್ರೀತಿಯ ಜಾಗ ಹಜಾರ. ಹಜಾರದಲ್ಲಿ ಪ್ರೀತಿಯದು ಅದರ ನೆಲ. ಕೆಂಪು ಬಣ್ಣ ಕಲಸಿದ ಸಿಮೆಂಟಿನ ನೆಲ. ದೊಡ್ಡಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಹಾಕಿದ್ದು. ಮೇಸ್ತ್ರಿ ನುಣ್ಣಗೆ ಎಳೆದು ಹೋದ ಮೇಲೆ ದೊಡ್ಡಮ್ಮನೂ ಅವರ ಅತ್ತೆಯೂ ಎದುರುಬದುರು ಕೂತು ಹೊಳೆಕಲ್ಲಿನಿಂದ ಉಜ್ಜಿ, ಕೊಬ್ಬರಿ ಎಣ್ಣೆ ತಿಕ್ಕಿ ಅದಕ್ಕೆ ಹೊಳಪು ತಂದರಂತೆ. ಪರೀಕ್ಷೆಯ ದಿನಗಳಲ್ಲಿ ನಾನು ಅದರ ಮೇಲೆ ಬೋರಲು ಮಲಗಿ ಓದುತ್ತಿದ್ದೆ. ಏಪ್ರಿಲ್ ಮಧ್ಯಾಹ್ನದಲ್ಲೂ ಹೊಟ್ಟೆಗೆ ತಂಪು ತಾಕುತ್ತಿತ್ತು.

ಆ ನೆಲದ ಕೆಳಗೆ ಒಂದು ಕೊಳವೆ ಹಾದುಹೋಗುತ್ತದೆಂಬುದು ನನಗೆ ಗೊತ್ತಾದದ್ದು ದೊಡ್ಡಮ್ಮನ ಫೋನಿನಿಂದ. ಮಹಡಿಯ ಮಳೆನೀರು ಮನೆಯ ಮುಂದಿನ ಮೂಲೆಯಲ್ಲಿ ಇಳಿದು, ಹಜಾರದ ಅಡಿಯಲ್ಲಿ ಹರಿದು, ಹಿತ್ತಲ ಬಾವಿಗೆ ಸೇರುತ್ತದೆ. ಮೊದಲ ದೊಡ್ಡ ಮಳೆಗೆ ನೀರು ಇಳಿಯದೆ ಮಹಡಿ ತುಂಬಿ, ಮೆಟ್ಟಿಲ ಮೇಲೆ ಹರಿದು ಒಳಗೇ ಬಂದಿತ್ತು. ನಿಂತ ನೀರು ಇಂಗಿದ ಮೇಲೆ ಪ್ಲಂಬರ್ ಬಂದು ಉದ್ದದ ಸರಳು ತೂರಿಸಿ ನೋಡಿ, ಪೈಪು ಕುಸಿದಿದೆ, ಹಜಾರ ಒಡೆಯಲೇಬೇಕು ಎಂದಿದ್ದ. ಸೋಮವಾರ ಒಡೆಯುವುದೆಂದು ತೀರ್ಮಾನವಾಗಿತ್ತು.

“ನಿಮ್ಮ ದೊಡ್ಡಪ್ಪನಿಗೆ ಇದೇ ಬೇಕಾಗಿತ್ತು ಕಣೇ” ಎಂದರು ದೊಡ್ಡಮ್ಮ. “ಟೈಲ್ಸ್ ತಂದು ಗೋಡೆಗೆ ಒರಗಿಸ್ಬುಟ್ಟಿದ್ದಾರೆ. ಬೆಳ್ಳಗೆ, ಆಸ್ಪತ್ರೆ ಇದ್ದ ಹಾಗಿದೆ. ನಿನ್ನ ಹತ್ರ ಅದೇನೋ ಪೈಪಿನೊಳಗೆ ಹೋಗೋದು ಇದೆಯಲ್ಲ, ಅದನ್ನ ತರೋಕಾಗುತ್ತಾ?”

ದೊಡ್ಡಮ್ಮ ನನ್ನನ್ನು ಏನನ್ನೂ ಕೇಳಿದವರಲ್ಲ. ಆಫೀಸಿನಲ್ಲಿ ಕೇಳಿದೆ. ಅಷ್ಟು ಹಳೆಯ ಪಿಂಗಾಣಿ ಕೊಳವೆಯಲ್ಲಿ ನಮ್ಮ ಗಾಡಿ ಓಡಿರಲಿಲ್ಲ. ಚಿತ್ರ ತಂದುಕೊಡುವುದಾದರೆ ತೆಗೆದುಕೊಂಡು ಹೋಗು ಎಂದರು.

ಭಾನುವಾರ ಬೆಳಿಗ್ಗೆ ನಾನು ಹೋದಾಗ ಪ್ಲಂಬರ್ ಆಗಲೇ ಬಂದಿದ್ದ. ಆ ಬೀದಿಯ ಅರ್ಧ ಮನೆಗಳ ನಲ್ಲಿಗಳು ಅವನ ಕೈಯಲ್ಲೇ ಆದವು. ಗಾಡಿಯನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಬಗ್ಗಿ ನೋಡಿದ.

“ಇಲಿ ಇದ್ದಂಗದಲ್ಲಮ್ಮ ಇದು! ಬಾಲ ಬೇರೆ ಅದೆ.”

“ಇಲೀನೋ ಹೆಗ್ಗಣಾನೋ, ನೆಲದ ಮೇಲೆ ಇಡಬೇಡ” ಎಂದು ದೊಡ್ಡಮ್ಮ ಹಳೆಯ ಜಮಖಾನ ತಂದು ಹಾಸಿದರು. ಕೊಳವೆಯೊಳಗೆ ಜಾರಬಾರದೆಂದು ಚಕ್ರಗಳಿಗೆ ಒರಟು ಹರಳು ಅಂಟಿಸಿರುತ್ತೇವೆ. ಅದನ್ನು ಅವರು ಬೆರಳಿನಿಂದ ಮುಟ್ಟಿ ನೋಡಿಯೇ ಹಾಗೆ ಹೇಳಿದ್ದು.

ದೊಡ್ಡಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ದೇವರಾಜ ಮೊಹಲ್ಲಾದಲ್ಲಿ ಅವರದು ಪಾತ್ರೆ ಅಂಗಡಿ. “ಸುಮ್ಮನೆ ಅದಕ್ಕೆ ಯಾಕಮ್ಮ ತೊಂದ್ರೆ ಕೊಡ್ತೀಯ?” ಎಂದರು ನನಗೆ. “ಹೇಗಿದ್ರೂ ನಾಳೆ ಒಡೀತಾರೆ. ಒಂದೇ ಸಲ ಟೈಲ್ಸ್ ಹಾಕಿಸಿದ್ರೆ ಆಯ್ತು. ಒರೆಸೋಕೂ ಸುಲಭ.”

“ನೀವು ಯಾವತ್ತು ಒರೆಸಿದ್ರಿ?” ಎಂದರು ದೊಡ್ಡಮ್ಮ.

ಮುಂದಿನ ಮೂಲೆಯಲ್ಲಿ, ಮಹಡಿಯ ಪೈಪು ನೆಲ ಮುಟ್ಟುವ ಕಡೆ, ಕಲ್ಲು ಮುಚ್ಚಿದ ಒಂದು ಗುಂಡಿಯಿದೆ. ಪ್ಲಂಬರ್ ಕಲ್ಲು ಸರಿಸಿದ. ನಾನು ಗಾಡಿಯನ್ನು ಕೊಳವೆಯ ಬಾಯಿಗೆ ಇಳಿಸಿ, ಪರದೆಯನ್ನು ಹಜಾರದ ಬಾಗಿಲಲ್ಲಿ ಸ್ಟೂಲಿನ ಮೇಲಿಟ್ಟು, ಮುಂದಕ್ಕೆ ಬಿಟ್ಟೆ.

ಕೊಳವೆಯ ಒಳಗು ಕಂದು ಬಣ್ಣದ್ದಾಗಿತ್ತು. ಉಪ್ಪಿನಕಾಯಿ ಜಾಡಿಯ ಹೊರಮೈಯಂತೆ ಹೊಳೆಯುತ್ತಿತ್ತು. ಒಂದು ತುಂಡಿಗೆ ಇನ್ನೊಂದು ಸೇರುವ ಕಡೆ ಸಿಮೆಂಟಿನ ಉಂಗುರ. ಒಂದು ಬಸವನಹುಳುವಿನ ಚಿಪ್ಪು. ಒಂದು ಜೇಡ ಬೆಳಕಿಗೆ ಹೆದರಿ ಚಾವಣಿಗೆ ಓಡಿತು. ದೊಡ್ಡಮ್ಮ ಸ್ವಲ್ಪ ಹೊತ್ತು ಪರದೆ ನೋಡಿದರು, ಆಮೇಲೆ ಎದ್ದು ಹಜಾರದಲ್ಲಿ ನಿಂತರು.

“ಈಗ ಎಲ್ಲಿದೆ?”

ಕೇಬಲ್ಲಿನ ಉದ್ದ ನೋಡಿ ಹೇಳಿದೆ. “ಕಿಟಕಿಯಿಂದ ಒಂದು ಹೆಜ್ಜೆ ಈಚೆಗೆ.”

ಅವರು ಅಲ್ಲಿಗೆ ಹೋಗಿ ನಿಂತರು. ಗಾಡಿ ಮುಂದೆ ಹೋದಂತೆ ಅದರ ಮೇಲೆಯೇ ಬರಿಗಾಲಲ್ಲಿ ನಿಧಾನವಾಗಿ ನಡೆದರು. ಕೆಳಗೆ ಚಕ್ರ, ಮೇಲೆ ಅವರ ಪಾದ, ನಡುವೆ ಆ ನೆಲ. ಯಾರೂ ನಗಲಿಲ್ಲ, ದೊಡ್ಡಪ್ಪನೂ.

ಹಜಾರದ ನಡುವೆ ಗಾಡಿ ನಿಂತಿತು. ಎದುರಿಗೆ ಗೋಡೆಯ ಹಾಗೆ ಮಣ್ಣು, ಅದರ ಮೈಮೇಲೆ ಸಣ್ಣ ಬಿರುಕುಗಳು.

“ನಾನ್ ಏಳಲಿಲ್ವಾ? ಸರಳು ಆಕ್ದಾಗ ಗೋಡೆಗೆ ಬಡಿದಂಗಾಯ್ತು” ಎಂದ ಪ್ಲಂಬರ್. “ಮೇಲಿಂದ ಪೈಪು ಒಡೆದು ಮಣ್ಣು ಬಿದ್ದದೆ.”

ನನಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ಕೊಳವೆ ಕುಸಿದು ಬಿದ್ದ ಮಣ್ಣಿನಲ್ಲಿ ಕಲ್ಲು, ಇಟ್ಟಿಗೆ ಚೂರು, ಕೊಳವೆಯದೇ ಚೂರು ಇರುತ್ತದೆ. ಇದು ನುಣ್ಣಗಿತ್ತು. ಯಾರೋ ಸೋಸಿ ಹಾಕಿದಂತಿತ್ತು. ಇದೆಲ್ಲಿಂದ ಬಂತು ಎಂದು ತಿಳಿಯದೆ ಕ್ಯಾಮೆರಾವನ್ನು ಕೆಳಕ್ಕೆ ಬಾಗಿಸಿ, ದೀಪ ಹೆಚ್ಚಿಸಿದೆ.

ಮಣ್ಣಿನಲ್ಲಿ ಕೆಂಪಗೆ ಏನೋ ಮಿನುಗಿತು. ಅದರ ಪಕ್ಕ ಇನ್ನೊಂದು. ಸ್ವಲ್ಪ ಆಚೆಗೆ ಮತ್ತೆರಡು. ಕೆಂಪು, ನಡುವೆ ಕಪ್ಪು ಬೊಟ್ಟು.

ಪ್ಲಂಬರ್ ಸ್ಟೂಲಿನಿಂದ ಹಿಂದೆ ಸರಿದ. “ಏನೋ ನಮ್ಮನ್ನೇ ನೋಡ್ತಾ ಅದೆ ಕಣಮ್ಮ! ಎಳ್ಕೋ ನಿನ್ನ ಇಲೀನ!”

ಯಾವುದೋ ಹುಳುವಿನ ಮೊಟ್ಟೆ ಇರಬಹುದೆಂದು ನಾನು ಇನ್ನಷ್ಟು ಹತ್ತಿರ ಹೋದೆ. ಅಷ್ಟರಲ್ಲಿ ದೊಡ್ಡಮ್ಮ ಬಂದು ನನ್ನ ಭುಜದ ಮೇಲಿಂದ ಬಗ್ಗಿದರು.

“ಅಯ್ಯೋ, ಅದು ಗುಲಗಂಜಿ ಕಣೇ” ಎಂದರು. ಮತ್ತೆ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, “ನಮ್ಮ ಗಣಪತಿ” ಎಂದರು.

ಅವರ ಮನೆಯ ಗಣಪತಿಯನ್ನು ದೊಡ್ಡಮ್ಮನೇ ಜೇಡಿಮಣ್ಣಿನಲ್ಲಿ ಮಾಡುತ್ತಾರೆ. ಬಣ್ಣವಿಲ್ಲ, ಕಣ್ಣಿಗೆ ಮಾತ್ರ ಎರಡು ಗುಲಗಂಜಿ ಒತ್ತುತ್ತಾರೆ. ಮೊದಲೆಲ್ಲ ಹಬ್ಬದ ಸಂಜೆ ಹಿತ್ತಲ ಬಾವಿಗೇ ಬಿಡುತ್ತಿದ್ದರು. ಸೊಳ್ಳೆಯ ಕಾಟವೆಂದು ದೊಡ್ಡಪ್ಪ ಬಾವಿಗೆ ಸಿಮೆಂಟಿನ ಹಲಗೆ ಮುಚ್ಚಿಸಿದರು. ಮೋಟಾರಿನ ಪೈಪಿಗೆ ಬೇಕಾದಷ್ಟೇ ತೂತು ಉಳಿಯಿತು. ಗಣಪತಿಯನ್ನು ಬಕೆಟ್ಟಿನ ನೀರಿನಲ್ಲಿ ಕರಗಿಸಿದರಾಯಿತು ಎಂದುಕೊಂಡರು. ಆದರೆ ಕರಗಿದ ನೀರನ್ನು ಎಲ್ಲಿ ಹಾಕುವುದು? ಕಾಲು ತುಳಿಯುವ ಕಡೆ ಹಾಕಬಾರದು. ಅವರ ಅಂಗಳದಲ್ಲಿ ಸ್ಕೂಟರ್ ನಿಲ್ಲದ, ಯಾರೂ ಓಡಾಡದ ಒಂದು ಗೇಣು ಜಾಗವಿಲ್ಲ. ದೊಡ್ಡಮ್ಮನಿಗೆ ಮಹಡಿಯ ಪೈಪು ನೆನಪಾಯಿತು. ಅದು ಬಾವಿಗೇ ಹೋಗುತ್ತದಲ್ಲ. ಅಂದಿನಿಂದ ಪ್ರತಿ ವರ್ಷ ಮಂಗಳಾರತಿ ಮಾಡಿ, ಬಕೆಟ್ ಹೊತ್ತು ಮಹಡಿ ಹತ್ತಿ, ಪೈಪಿನ ಬಾಯಿಗೆ ಸುರಿದು ಕೈಮುಗಿದು ಇಳಿಯುತ್ತಿದ್ದರಂತೆ.

ದೊಡ್ಡಪ್ಪ ಕುರ್ಚಿಯಿಂದ ಎದ್ದು ಬಂದರು. “ಬಾವಿಗೆ ಬಿಟ್ಟೆ, ಬಾವಿಗೆ ಬಿಟ್ಟೆ ಅಂತಿದ್ಯಲ್ಲೇ?”

“ಬಾವಿಗೇ ಬಿಟ್ಟೆ. ದಾರೀಲಿ ಕೂತ್ಬುಟ್ಟಿದ್ದಾನೆ, ನಾನೇನು ಮಾಡ್ಲಿ? ಬಾವಿ ಮುಚ್ಚಿಸಿದೋರು ಯಾರು?”

ದೊಡ್ಡಪ್ಪ ಪರದೆ ನೋಡಿದರು, ಗಾಡಿಯ ಹಳದಿ ಬಾಲ ನೋಡಿದರು. “ಸರಿ ಬುಡು, ಅವನ ವಾಹನವೇ ಹುಡುಕ್ಕೊಂಡು ಹೋಗಿದೆ” ಎಂದರು. ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ.

ನಾನು ನಗುತ್ತಲೇ, ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದು ಹೇಳಬೇಕಾಯಿತು. ಮಣ್ಣು ಎಲ್ಲಿಂದ ಬಂತೆಂದು ಗೊತ್ತಾಗಿತ್ತು. ಅದು ಅಲ್ಲೇ ಏಕೆ ನಿಂತಿತು ಎಂಬುದು ಗೊತ್ತಾಗಿರಲಿಲ್ಲ. ಮಣ್ಣಿನ ಹಿಂದೆ ಕೊಳವೆ ಒಡೆದಿದ್ದರೆ ಹಜಾರವನ್ನು ಒಡೆಯಲೇಬೇಕು. ದೊಡ್ಡಮ್ಮನ ಮುಖ ಮತ್ತೆ ಬಿಗಿಯಿತು.

“ಅಂಗಾರೆ ನಾಳೆ ಒಡೆಯೋದು ಬ್ಯಾಡಿ, ಮೊದಲು ಮಣ್ಣು ತೆಗೆಯವ” ಎಂದ ಪ್ಲಂಬರ್. “ಅಮ್ಮಾವ್ರೇ, ದೇವರ ಮೇಲೆ ಸರಳು ಆಕ್ಬುಟ್ಟೆ, ಏನೂ ಆಗಕಿಲ್ವಾ?”

“ಏನೂ ಆಗಲ್ಲ. ಎಬ್ಬಿಸೋಕೆ ತಾನೇ ಹಾಕಿದ್ದು.”

ಆ ವಾರ ನಾನು ಕೆಲಸಕ್ಕೆ ಹೋಗಿ ಬಂದು ಮಾಡಿದೆ. ನಡೆದದ್ದನ್ನು ದೊಡ್ಡಮ್ಮ ಫೋನಿನಲ್ಲಿ ಹೇಳುತ್ತಿದ್ದರು. ಪ್ಲಂಬರ್ ಬಿದಿರ ಸೀಳಿನ ತುದಿಗೆ ತಗಡಿನ ಸೌಟು ಕಟ್ಟಿದ್ದ. ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು, ಮೆತ್ತಗಾದ ಮಣ್ಣನ್ನು ಹಿಂದಕ್ಕೆ ಎಳೆಯುತ್ತಿದ್ದ. ಒಂದು ಹಿಡಿಯೂ ರಸ್ತೆಗೆ ಬೀಳದಂತೆ ದೊಡ್ಡಮ್ಮ ಗುಂಡಿಯ ಪಕ್ಕ ಹಿತ್ತಾಳೆಯ ಹಂಡೆ ಇಟ್ಟುಕೊಂಡು ಕೂತಿದ್ದರು. ಗುಲಗಂಜಿಗಳನ್ನು ಆರಿಸಿ ತೊಳೆದಿಟ್ಟರು. ಅಷ್ಟು ವರ್ಷ ನೀರು ಮಣ್ಣಿನಲ್ಲಿದ್ದರೂ ಅವುಗಳ ಬಣ್ಣ ಮಾಸಿರಲಿಲ್ಲವಂತೆ. ಒಂದು ಮಾತ್ರ ಜೊತೆಯಿಲ್ಲದೆ ಉಳಿಯಿತು ಎಂದರು.

ಮುಂದಿನ ಭಾನುವಾರ ಗಾಡಿಯನ್ನು ಮತ್ತೆ ಇಳಿಸಿದೆ. ದೊಡ್ಡಮ್ಮ ಈ ಸಲ ಪರದೆಯ ಹತ್ತಿರ ಬರಲಿಲ್ಲ. ಹಜಾರದ ನಡುವೆ, ಹಿಂದಿನ ವಾರ ಗಾಡಿ ನಿಂತಿದ್ದ ಕಡೆಯ ನೆಲದ ಮೇಲೆ, ಮೊದಲೇ ಕೂತುಬಿಟ್ಟಿದ್ದರು.

ಅಲ್ಲಿಗೆ ತಲುಪಿದಾಗ ಕಾರಣ ಕಂಡಿತು. ಎರಡು ತುಂಡುಗಳು ಸೇರುವ ಕಡೆ ಕೊಳವೆ ತುಸು ತಗ್ಗಿತ್ತು. ಅಷ್ಟು ಸಾಕಾಗಿತ್ತು, ಪ್ರತಿ ವರ್ಷದ ಮಣ್ಣು ಅಲ್ಲಿ ತಂಗಿ, ಮೇಲೆ ಮತ್ತೊಂದು ವರ್ಷದ್ದು ಕೂತಿತ್ತು. ಕ್ಯಾಮೆರಾ ಸುತ್ತಿಸಿ ಉಂಗುರವನ್ನು ಮೇಲೆ ಕೆಳಗೆ ನೋಡಿದೆ. ಇನ್ನೊಂದು ಸಲ ಸುತ್ತಿಸಿದೆ. ಬಿರುಕಿರಲಿಲ್ಲ. ಸಂದಿಯಲ್ಲಿ ಒಂದು ಗುಲಗಂಜಿ ಸಿಕ್ಕಿಕೊಂಡಿತ್ತು, ಕೆಂಪಗೆ.

“ಒಡೆದಿಲ್ಲ” ಎಂದೆ.

ದೊಡ್ಡಮ್ಮ ಅಂಗೈಯನ್ನು ನೆಲದ ಮೇಲೆ ಅಗಲವಾಗಿ ಇಟ್ಟುಕೊಂಡಿದ್ದರು.

ಗಾಡಿಯನ್ನು ಕೊನೆಯವರೆಗೂ ಬಿಟ್ಟೆ. ಅದಕ್ಕೆ ಅಗತ್ಯವಿರಲಿಲ್ಲ, ನನಗೆ ನೋಡಬೇಕಿತ್ತು. ನಡುವಿನ ಕಪ್ಪು ಮೆಲ್ಲನೆ ಬೂದುಬಣ್ಣವಾಯಿತು. ಆಮೇಲೆ ಕೊಳವೆ ಮುಗಿದು ಬಾವಿಯ ಒಳಗೋಡೆ ಕಂಡಿತು: ಕಲ್ಲು, ಕಲ್ಲಿನ ಸಂದಿಯ ಜರಿಗಿಡ, ಬಹಳ ಕೆಳಗೆ ಗಾಡಿಯದೇ ಬೆಳಕು ನೀರಿನಲ್ಲಿ ಉಂಗುರವಾಗಿ ಅಲುಗುತ್ತಿತ್ತು. ಮುಚ್ಚಿದ ಮೇಲೆ ಆ ಬಾವಿಯ ನೀರನ್ನು ಯಾರೂ ಕಣ್ಣಾರೆ ನೋಡಿರಲಿಲ್ಲ. ಎಲ್ಲರೂ ಪರದೆಯ ಸುತ್ತ ನಿಂತು ನೋಡಿದೆವು.

“ಆ ಒಂದನ್ನ ತೆಗೀಲಾ ಅಮ್ಮಾವ್ರೇ?” ಎಂದು ಪ್ಲಂಬರ್ ಕೇಳಿದ. “ಸೌಟು ಮುಟ್ತದೆ.”

“ಬೇಡ ಬುಡು. ಇಷ್ಟು ವರ್ಷ ಕೆಳಗಿದ್ದು ನೆಲಾನ ಕಾಯ್ಕೊಂಡಿದೆ, ಇರಲಿ.”

ಹಂಡೆಯ ಮಣ್ಣನ್ನು ಬಾವಿಗೆ ಬಿಡಲೆಂದು ದೊಡ್ಡಪ್ಪ ಅದರ ಹಲಗೆಯಲ್ಲಿ ಕಬ್ಬಿಣದ ಬಾಗಿಲು ಕೂರಿಸಬೇಕಾಯಿತು, ಸೊಳ್ಳೆಪರದೆ ಸಹಿತ. ಟೈಲ್ಸನ್ನು ಅಂಗಡಿಗೆ ವಾಪಸು ಕೊಟ್ಟರು. ಒಂದನ್ನು ಮಾತ್ರ ಉಳಿಸಿಕೊಂಡು ಗ್ಯಾಸ್ ಸಿಲಿಂಡರಿನ ಕೆಳಗೆ ಇಟ್ಟಿದ್ದಾರೆ. ಒರೆಸೋಕೆ ಎಷ್ಟು ಸುಲಭ ಎಂದು ಬಂದವರಿಗೆ ಈಗಲೂ ತೋರಿಸುತ್ತಾರೆ.

ಆ ದಿನ ನಾನು ಗಾಡಿ ತೊಳೆದು ಪೆಟ್ಟಿಗೆಗೆ ಹಾಕುತ್ತಿದ್ದಾಗ ದೊಡ್ಡಮ್ಮ ಬಂದು ನಿಂತರು.

“ಇದು ನೆಲದ ಮೇಲೂ ಓಡುತ್ತಾ?”

“ಓಡುತ್ತೆ. ಆದರೆ ಚಕ್ರ ಒರಟು, ಗೀಚುತ್ತೆ.”

“ಬೇರೆ ಚಕ್ರ ಇಲ್ವಾ?”

ಇತ್ತು. ಪೆಟ್ಟಿಗೆಯ ಮೂಲೆಯಲ್ಲಿ ನುಣುಪಾದ ರಬ್ಬರಿನವು, ಬಳಸದೆ ಇದ್ದವು. ಬದಲಾಯಿಸಿದೆ. ದೊಡ್ಡಮ್ಮ ಜಮಖಾನವನ್ನು ತಾವೇ ಮಡಿಸಿ ತೆಗೆದರು. ಗಾಡಿಯನ್ನು ಕಿಟಕಿಯ ಹತ್ತಿರ ಬರಿನೆಲದ ಮೇಲಿಟ್ಟೆ. ಕೊಳವೆ ಹೋಗುವ ಗೆರೆಯಲ್ಲೇ ಅದು ಹಿತ್ತಲ ಬಾಗಿಲ ಕಡೆ ಹೊರಟಿತು. ಅದರ ದೀಪಗಳು ಕೆಂಪು ನೆಲದಲ್ಲಿ ಪ್ರತಿಫಲಿಸಿ, ಮೇಲೊಂದು ಕೆಳಗೊಂದು ಎರಡು ಗಾಡಿಗಳು ಜೊತೆಯಾಗಿ ಹೋಗುತ್ತಿರುವಂತೆ ಕಂಡಿತು. ದೊಡ್ಡಮ್ಮ ಹಳದಿ ಕೇಬಲ್ಲನ್ನು ಕೈಯಲ್ಲಿ ಸಡಿಲವಾಗಿ ಹಿಡಿದುಕೊಂಡು ಅದರ ಹಿಂದೆ ನಡೆದರು.